ಅಂತರ್ಜಾಲದ ಕಿರುಜಾಹೀರಾತುಗಳ ಫಲವನ್ನು ಅಳೆಯುವ ಕ್ರಮ

(ಕೃಷಿ ಇನ್‌ಸ್ಪೆಕ್ಟರೊಬ್ಬರ ಅಭಿಪ್ರಾಯ)

ಹಳೆಯ ಪವರ್ ಟಿಲ್ಲರು, ನೀರೆತ್ತುವ ಪಂಪು, ಹನಿ ನೀರಾವರಿಯ ಕೊಳವೆ, ಕರೆಯುವ ಹಸು, ಉಳುವ ಎತ್ತು, ಹುಲ್ಲಿನ ಬಣವೆ, ತೆಂಗಿನ ಸಸಿ ಮುಂತಾದವುಗಳನ್ನು ಮಾರಬೇಕೆಂದಿರುವ ರೈತರು ಸಂತೆಗಾಗಲಿ ದಲ್ಲಾಳಿಯ ಮನೆಗಾಗಲಿ ಹೋಗುವುದಕ್ಕೆ ಮುಂಚೆ, ಮೊಬೈಲು ಫೋನಿನಲ್ಲಿ ಅದರ ಚಿತ್ರವನ್ನು ತೆಗೆದು ಅಂತರ್ಜಾಲದಲ್ಲಿ ಜಾಹೀರಾತು ಹಾಕುವುದು ಈಚೆಗೆ ನಮ್ಮ ಗ್ರಾಮಗಳಲ್ಲಿಯೂ ವಾಡಿಕೆಗೆ ಬಂದಿರುತ್ತದೆ. ವೃತ್ತಪತ್ರಿಕೆಗಳ ಒಳಪುಟದಲ್ಲಿ "ಮಾರಾಟಕ್ಕಿದೆ", "ಬೇಕಾಗಿದೆ" ಎಂಬ ತಲೆಬರಹಗಳ ಕೆಳಗೆ ಎರಡು ಮೂರು ಪಂಕ್ತಿಗಳಲ್ಲಿ ಅಚ್ಚಾಗುವ ಕಿರುಜಾಹೀರಾತುಗಳ ವಂಶಕ್ಕೆ ಸೇರಿದ್ದೇ ಇದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ೧೯೯೫ರಲ್ಲಿ ಪ್ರಾರಂಭವಾದ ಕ್ರೇಗ್ಸ್‌ಲಿಸ್ಟ್ ಎಂಬುದು ಈ ಬಗೆಯ ಜಾಲತಾಣಗಳಿಗೆ ದಾರಿ ತೋರಿಸಿತು. ನಮ್ಮವರಿಗೆ ಪರಿಚಿತವಾದ ಓಎಲ್‌ಎಕ್ಸ್ ೨೦೦೬ರಲ್ಲಿಯೂ ಕ್ವಿಕರ್ ೨೦೦೮ರಲ್ಲಿಯೂ ಹುಟ್ಟಿದವು.

ಈ ಪದ್ಧತಿಯಿಂದ ಲಾಭವುಂಟೇ ಎಂದು ಗ್ರಾಮಗಳಲ್ಲಿ ವಿಚಾರಿಸಿದರೆ ಎರಡು ವಿಧವಾದ ಉತ್ತರಗಳು ದೊರೆಯುತ್ತವೆ. "ಒಂದೇ ದಿನದಲ್ಲಿ ಐನೂರು ಜನ ನೋಡಿದರು, ಫೋನು ಬಿಡುವಿಲ್ಲದೆ ಬಡಿಯಿತು" ಎಂದು ಕೆಲವರು ಹೊಗಳುತ್ತಾರೆ. "ಅದು ಬರೀ ಕಾಲಹರಣ; ಕೇಳುವವರೇ ಎಲ್ಲರೂ, ಕೊಳ್ಳುವವರು ಒಬ್ಬರೂ ಇಲ್ಲ" ಎಂದು ಮತ್ತೆ ಕೆಲವರು ತೆಗಳುತ್ತಾರೆ. ಹೊಗಳುವವರೂ ತೆಗಳುವವರೂ ಲೆಕ್ಕವನ್ನು ಮಾತ್ರ ತೋರಿಸುವುದಿಲ್ಲ. ಹಿಂದೆ ಪೈರಿನ ಹಸುರನ್ನು ಕಣ್ಣಿನಿಂದ ನೋಡಿ, ಹದಿನಾರಾಣೆಗೆ ಇಷ್ಟಾಣೆ ಬೆಳೆಯೆಂದು ಆಣೆವಾರಿ ಹೇಳುವ ಪದ್ಧತಿಯಿತ್ತು. ಬೆಳೆ ಕಟಾವು ಪ್ರಯೋಗ ಬಂದಮೇಲೆ, ಗೊತ್ತುಮಾಡಿದ ತಾಕನ್ನು ಕೊಯ್ದು, ಬಡಿದು, ತೂಗಿ ಇಳುವರಿಯನ್ನು ಹೇಳುತ್ತೇವೆ. ಜಾಹೀರಾತಿನ ವಿಷಯದಲ್ಲಿ ನಾವು ಇನ್ನೂ ಆಣೆವಾರಿಯ ಕಾಲದಲ್ಲಿಯೇ ಇದ್ದೇವೆ. ಇದನ್ನು ಕಟಾವಿನ ಲೆಕ್ಕಕ್ಕೆ ತರಬೇಕು, ಮತ್ತು ಅದನ್ನು ಒಬ್ಬೊಬ್ಬ ರೈತನ ಮನೆಯಲ್ಲಲ್ಲ, ಗ್ರಾಮದ ಮಟ್ಟದಲ್ಲಿ ಮಾಡಬೇಕು ಎಂಬುದೇ ಈ ಲೇಖನದಲ್ಲಿ ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ನಾನು ಅರಿಕೆ ಮಾಡತಕ್ಕ ಮಾತು.

ಯಾವುದು ಫಸಲು?

ಮೊದಲು ನಿಶ್ಚಯಿಸಬೇಕಾದ್ದು, ಅಳೆಯತಕ್ಕ ವಸ್ತು ಯಾವುದೆಂಬುದು. ಜಾಲತಾಣವು ಜಾಹೀರಾತಿನ ಪಕ್ಕದಲ್ಲಿ ತೋರಿಸುವ ನೋಟಗಳ ಸಂಖ್ಯೆ ಫಸಲಲ್ಲ. ಅದರಲ್ಲಿ ಒಬ್ಬನೇ ನಾಲ್ಕು ಸಲ ನೋಡಿದ್ದೂ, ಬೆರಳು ತಾಕಿ ತೆರೆದು ಮರುಕ್ಷಣವೇ ಮುಚ್ಚಿದ್ದೂ, ತನ್ನ ಟಿಲ್ಲರನ್ನು ಮಾರುವುದಕ್ಕಾಗಿ ಧಾರಣೆ ತಿಳಿಯಬಂದವನ ನೋಟವೂ ಸೇರಿರಬಹುದು. ಅಲ್ಲದೆ ಆ ಸಂಖ್ಯೆಯನ್ನು ಹೇಳುವವನು ಜಾಹೀರಾತಿನ ಜಾಗವನ್ನು ಮಾರುವವನೇ ಆಗಿರುತ್ತಾನೆ. ಸರಕು ಮಾರುವವನ ಕೈಯಲ್ಲಿಯೇ ತಕ್ಕಡಿಯನ್ನೂ ಕೊಟ್ಟು ಸುಮ್ಮನಿರುವುದು ವ್ಯವಹಾರಸ್ಥರ ಲಕ್ಷಣವಲ್ಲ. ಜಾಹೀರಾತಿನ ಫಸಲೆಂದರೆ, ಅದು ಇಲ್ಲದಿದ್ದರೆ ಕೈಗೆ ಬರುತ್ತಿದ್ದ ಹಣಕ್ಕಿಂತ ಅದರಿಂದಾಗಿ ಎಷ್ಟು ಹೆಚ್ಚು ಹಣವು ಖರ್ಚು ಕಳೆದು ಉಳಿಯಿತೆಂಬುದು.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸುತ್ತೇನೆ. ಒಬ್ಬ ರೈತನ ಹಳೆಯ ಟಿಲ್ಲರಿಗೆ ಊರಿಗೆ ಬಂದ ದಲ್ಲಾಳಿಯು ೧,೨೦,೦೦೦ ರೂಪಾಯಿಗಳನ್ನು ರೊಕ್ಕವಾಗಿ ಆ ದಿನವೇ ಕೊಡುತ್ತೇನೆಂದನೆನ್ನೋಣ. ರೈತನು ಒಪ್ಪದೆ ಜಾಹೀರಾತು ಹಾಕಿದನು. ೨೪ ದಿನಗಳ ಮೇಲೆ ೧,೩೨,೦೦೦ ರೂಪಾಯಿಗಳಿಗೆ ಮಾರಿತು. ೧೨,೦೦೦ ರೂಪಾಯಿ ಲಾಭವಾಯಿತೆಂದು ಅವನು ಹೇಳುವನು. ಆದರೆ ಜಾಹೀರಾತು ಮೇಲೆ ಕಾಣುವಂತೆ ಜಾಲತಾಣಕ್ಕೆ ಕೊಟ್ಟದ್ದು ೬೦೦ ರೂಪಾಯಿ. ನೋಡಬಂದವರಿಗಾಗಿ ಕೆಲಸ ಬಿಟ್ಟು ಕುಳಿತ ದಿನಗಳ ಕೂಲಿ ೧,೫೦೦ ರೂಪಾಯಿ. ಚಿತ್ರ ಚೆನ್ನಾಗಿ ಬರಲೆಂದು ತೊಳೆದು ರಿಪೇರಿ ಮಾಡಿಸಿದ್ದು ೧,೯೦೦ ರೂಪಾಯಿ. ಇದಲ್ಲದೆ, ೧,೨೦,೦೦೦ ರೂಪಾಯಿಗಳು ೨೪ ದಿನ ತಡವಾಗಿ ಬಂದುದಕ್ಕೆ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ ಸುಮಾರು ೯೫೦ ರೂಪಾಯಿ. ಇವೆಲ್ಲವನ್ನೂ ಕಳೆದರೆ ನಿಜವಾದ ಫಲವು ೭,೦೫೦ ರೂಪಾಯಿ ಮಾತ್ರ. ಇದು ಒಳ್ಳೆಯ ಫಲವೇ ಸರಿ. ಆದರೆ ಹನ್ನೆರಡು ಸಾವಿರವಲ್ಲ. ಮಾರಿದ ಬೆಲೆ ೧,೨೪,೦೦೦ ರೂಪಾಯಿ ಆಗಿದ್ದು ಖರ್ಚು ಇಷ್ಟೇ ಇದ್ದಿದ್ದರೆ, ನಾಲ್ಕು ಸಾವಿರ ಗಳಿಸಿದೆನೆಂದು ತಿಳಿದವನಿಗೆ ಕೈಯಿಂದ ೯೫೦ ರೂಪಾಯಿ ಲುಕ್ಸಾನಾಗಿರುತ್ತಿತ್ತು. ದಲ್ಲಾಳಿಯು ಕಡಿಮೆ ಬೆಲೆಗೆ ಕೊಳ್ಳುತ್ತಾನೆಂಬುದು ನಿಜವಾದರೂ, ರೊಕ್ಕವನ್ನು ಒಡನೆ ಕೊಡುತ್ತಾನೆ, ಮಾರಾಟವಾಗದೆ ಉಳಿಯುವ ಭಯವನ್ನು ತಾನು ಹೊರುತ್ತಾನೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಎಲ್ಲಿ ಸೋರಿತು?

ಫಲ ಸಾಲದೆ ಹೋದಾಗ, ಹಣ ಕೊಟ್ಟು ಜಾಹೀರಾತನ್ನು ಮೇಲಕ್ಕೆ ಏರಿಸಿರೆಂದು ಜಾಲತಾಣವು ಸೂಚಿಸುತ್ತದೆ. ರೈತರೂ ಹಾಗೆಯೇ ಮಾಡುತ್ತಾರೆ. ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲವೆಂದು ದೂರು ಬಂದರೆ ಅನುಭವಸ್ಥನಾದ ನೀರುಗಂಟಿಯು ಕೂಡಲೇ ತೂಬನ್ನು ಇನ್ನಷ್ಟು ಎತ್ತುವುದಿಲ್ಲ. ಕಾಲುವೆಯುದ್ದಕ್ಕೂ ನಡೆದು ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುತ್ತಾನೆ. ಜಾಹೀರಾತಿನ ಕಾಲುವೆಗೂ ನಾಲ್ಕು ಹಂತಗಳುಂಟು: ನೋಡಿದವರು, ಫೋನಿನಲ್ಲಿ ವಿಚಾರಿಸಿದವರು, ಊರಿಗೆ ಬಂದು ವಸ್ತುವನ್ನು ಕಂಡವರು, ಕೊಂಡವರು. ಒಂದೊಂದು ಹಂತದಲ್ಲಿ ಎಷ್ಟು ಜನ ಉಳಿದರೆಂದು ಬರೆದಿಟ್ಟರೆ ಸೋರಿದ ಸ್ಥಳವು ತಾನಾಗಿಯೇ ಗೋಚರವಾಗುವುದು.

ನೋಡಿದವರೇ ಕಡಿಮೆಯಾಗಿದ್ದರೆ, ತಲೆಬರಹದಲ್ಲಿ ವಸ್ತುವಿನ ಹೆಸರೂ ತಾಲ್ಲೂಕಿನ ಹೆಸರೂ ಸರಿಯಾಗಿಲ್ಲವೆಂದೋ, ಬೇರೆ ವರ್ಗದಲ್ಲಿ ಸೇರಿಹೋಗಿದೆಯೆಂದೋ, ಹೊಸ ಜಾಹೀರಾತುಗಳ ಕೆಳಗೆ ಹೂತುಹೋಗಿದೆಯೆಂದೋ ತಿಳಿಯಬೇಕು. ನೋಡಿದವರು ಬಹಳ, ವಿಚಾರಿಸಿದವರು ಸ್ವಲ್ಪವಾದರೆ, ಚಿತ್ರವು ಮಸಕಾಗಿರುವುದೋ ಬೆಲೆಯು ಮೀರಿರುವುದೋ ಕಾರಣವಾಗಿರುತ್ತದೆ. ವಿಚಾರಿಸಿದವರು ಬಹಳವಾಗಿ, ಬಂದವರು ಇಲ್ಲದಿದ್ದರೆ, ಜಾಹೀರಾತಿನಲ್ಲಿಯೇ ಬರೆಯಬೇಕಾಗಿದ್ದ ಸಂಗತಿಗಳನ್ನು ಬರೆದಿಲ್ಲವೆಂದು ಅರ್ಥ: ಟಿಲ್ಲರಾದರೆ ತಯಾರಾದ ವರ್ಷ, ಅಶ್ವಶಕ್ತಿ, ದಾಖಲೆಗಳು, ಹಸುವಾದರೆ ಎಷ್ಟನೆಯ ಕರು, ಹೊತ್ತಿಗೆ ಎಷ್ಟು ಲೀಟರು, ಗಬ್ಬವೋ ಅಲ್ಲವೋ, ಹುಲ್ಲಾದರೆ ಯಾವ ಪೈರಿನದು, ಲಾರಿ ನಿಲ್ಲುವುದಕ್ಕೆ ಜಾಗವುಂಟೋ ಇಲ್ಲವೋ. ಬಂದು ಕಂಡವರು ಬಹಳವಾಗಿದ್ದೂ ಯಾರೂ ಕೊಳ್ಳದಿದ್ದರೆ, ತಪ್ಪು ಜಾಹೀರಾತಿನದಲ್ಲ. ವಸ್ತುವಿನದು ಅಥವಾ ಬೆಲೆಯದು. ಈ ಕಡೆಯ ಸ್ಥಿತಿಯಲ್ಲಿ ಮೇಲೇರಿಸುವುದಕ್ಕೆ ಹಣ ಕೊಡುವುದೆಂದರೆ, ಬದು ಒಡೆದಿರುವಾಗ ತೂಬನ್ನು ಎತ್ತಿದಂತೆಯೇ ಸರಿ.

ಇಲ್ಲಿ ಕಳೆಯನ್ನು ಬೇರ್ಪಡಿಸುವುದನ್ನು ಮರೆಯತಕ್ಕದ್ದಲ್ಲ. ಬಂದ ಫೋನುಗಳೆಲ್ಲವೂ ಕೊಳ್ಳುವವರವಲ್ಲ. ತಾನು ಸೈನ್ಯದಲ್ಲಿರುವೆನೆಂದು ಹೇಳಿಕೊಂಡು, ಚೌಕಾಶಿಯನ್ನೇ ಮಾಡದೆ ಬೆಲೆಗೊಪ್ಪಿ, ಮುಂಗಡ ಹಣ ಕಳುಹಿಸುತ್ತೇನೆಂದು ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸಿ, ಅದನ್ನು ತೆರೆದು ಗುಪ್ತಸಂಖ್ಯೆಯನ್ನು ಒತ್ತೆಂದು ಹೇಳುವ ವಂಚಕರ ವಿಷಯವು ಪೊಲೀಸರ ಪ್ರಕಟನೆಗಳಲ್ಲಿ ಅನೇಕ ಸಲ ಬಂದಿರುತ್ತದೆ. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಕಾಗುವುದಿಲ್ಲ. ಅದು ಬೇಕಾಗುವುದು ಹಣವನ್ನು ಕೊಡುವುದಕ್ಕೆ ಮಾತ್ರ. ಈ ಒಂದು ಮಾತನ್ನು ಪ್ರತಿಯೊಬ್ಬ ರೈತನಿಗೂ ತಿಳಿಸಿಡುವುದು ಮುಖಂಡರ ಕರ್ತವ್ಯ. ಮೋಸಹೋದವರು ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡತಕ್ಕದ್ದು. ಇಂಥ ಫೋನುಗಳನ್ನು ವಿಚಾರಣೆಯ ಲೆಕ್ಕದಿಂದ ತೆಗೆದುಹಾಕದಿದ್ದರೆ, ಕಳೆಯನ್ನೂ ಸೇರಿಸಿ ರಾಗಿಯನ್ನು ತೂಗಿದಂತಾಗುವುದು.

ಹೋಲಿಕೆಯ ತಾಕು

ಗೊಬ್ಬರ ಹಾಕಿದ ಹೊಲದಲ್ಲಿ ಒಳ್ಳೆಯ ಬೆಳೆ ಬಂದರೆ ಅದು ಗೊಬ್ಬರದಿಂದಲೋ ಮಳೆಯಿಂದಲೋ ಎಂಬುದು ಹೇಗೆ ತಿಳಿಯಬೇಕು? ಪಕ್ಕದಲ್ಲಿಯೇ ಗೊಬ್ಬರವಿಲ್ಲದ ತಾಕೊಂದು ಇದ್ದರೆ ಮಾತ್ರ ತಿಳಿಯುವುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ ೧೮೪೩ರಲ್ಲಿ ಪ್ರಾರಂಭವಾದ ಗೋಧಿಯ ಪ್ರಯೋಗದಲ್ಲಿ ಒಂದು ತಾಕಿಗೆ ಗೊಬ್ಬರವನ್ನೇ ಹಾಕದೆ ಬಿಟ್ಟುಕೊಂಡು ಬಂದಿರುವುದು ಈ ಕಾರಣದಿಂದಲೇ. ಅದೇ ಕ್ಷೇತ್ರಕ್ಕೆ ೧೯೧೯ರಲ್ಲಿ ಬಂದ ಆರ್. ಎ. ಫಿಷರ್ ಎಂಬ ವಿದ್ವಾಂಸರು, ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಮನಸ್ಸಿಗೆ ಬಂದಂತೆ ಆರಿಸದೆ ಚೀಟಿ ಎತ್ತಿದ ಹಾಗೆ ಗೊತ್ತುಮಾಡಬೇಕು, ಒಂದೇ ತಾಕನ್ನು ನಂಬದೆ ಹಲವು ತಾಕುಗಳಲ್ಲಿ ಪ್ರಯೋಗವನ್ನು ಮಾಡಬೇಕು ಎಂಬ ನಿಯಮಗಳನ್ನು ಸ್ಥಾಪಿಸಿದರು. ಇಂದು ಅಂತರ್ಜಾಲದ ದೊಡ್ಡ ಕಂಪೆನಿಗಳು ಎರಡು ಬಗೆಯ ಜಾಹೀರಾತುಗಳನ್ನು ಹೋಲಿಸುವುದಕ್ಕೆ ಅನುಸರಿಸುವುದು ಇದೇ ನಿಯಮಗಳನ್ನು. ಹೊಲದಲ್ಲಿ ಹುಟ್ಟಿದ ವಿದ್ಯೆಯನ್ನು ಅಂಗಡಿಯವರು ಉಪಯೋಗಿಸಿಕೊಳ್ಳುತ್ತಿರುವಾಗ ಹೊಲದ ಒಡೆಯರು ಅದನ್ನು ಬಿಟ್ಟುಕೊಟ್ಟಿರುವುದು ಸೋಜಿಗದ ಸಂಗತಿ.

ಈಬೇ ಎಂಬ ಅಮೆರಿಕದ ಮಾರಾಟದ ಜಾಲತಾಣದ ಪ್ರಯೋಗವನ್ನು ಇಲ್ಲಿ ಹೇಳಬಹುದು. ಅಂತರ್ಜಾಲದಲ್ಲಿ ತನ್ನ ಹೆಸರನ್ನು ಹುಡುಕುವವರ ಕಣ್ಣಿಗೆ ಮೊದಲು ಬೀಳುವಂತೆ ಈ ಕಂಪೆನಿಯು ಹಣ ಕೊಟ್ಟು ಜಾಹೀರಾತು ಹಾಕಿಸುತ್ತಿತ್ತು. ೨೦೧೨ರಲ್ಲಿ ಅದನ್ನು ಕೆಲವು ಕಡೆ ನಿಲ್ಲಿಸಿ, ಕೆಲವು ಕಡೆ ಹಾಗೆಯೇ ಇಟ್ಟು ಹೋಲಿಸಿದಾಗ, ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಬಹುಮಟ್ಟಿಗೆ ಎಲ್ಲರೂ ಹಣ ಕೊಡದ ದಾರಿಯಿಂದಲೇ ಬಂದರೆಂದು ಕಂಡುಬಂದಿತು. ಬ್ಲೇಕ್, ನಾಸ್ಕೊ, ಟಡೇಲಿಸ್ ಎಂಬ ಮೂವರು ಇದನ್ನು ೨೦೧೫ರಲ್ಲಿ ಪ್ರಕಟಿಸಿದರು. ಆ ತಾಣವನ್ನು ಅರಿಯದ ಹೊಸಬರ ಮೇಲೆ ಮಾತ್ರ ಜಾಹೀರಾತಿನ ಪ್ರಭಾವವಿತ್ತೆಂಬುದನ್ನೂ ಅವರು ತೋರಿಸಿದ್ದಾರೆ. ಹೇಗಿದ್ದರೂ ಬರುತ್ತಿದ್ದವರನ್ನು ಜಾಹೀರಾತು ಕರೆತಂದಿತೆಂದು ಲೆಕ್ಕ ಹಿಡಿಯುವುದು, ಮಳೆಯ ಫಲವನ್ನು ಗೊಬ್ಬರಕ್ಕೆ ಬರೆದುಕೊಂಡ ಹಾಗೆ.

ನಮ್ಮ ರೈತನು ಸಾಮಾನ್ಯವಾಗಿ ಮಾಡುವ ಹೋಲಿಕೆಯೆಂದರೆ, ಮೊದಲನೆಯ ವಾರ ಹಣವಿಲ್ಲದೆ, ಎರಡನೆಯ ವಾರ ಹಣ ಕೊಟ್ಟು ಜಾಹೀರಾತು ಹಾಕಿ, ಎರಡನೆಯ ವಾರ ಹೆಚ್ಚು ಫೋನು ಬಂದರೆ ಹಣವು ಫಲಿಸಿತೆನ್ನುವುದು. ಮುಂಗಾರನ್ನು ಹಿಂಗಾರಿನೊಡನೆ ಹೋಲಿಸಿದ ಹಾಗೆ ಇದು. ಆ ವಾರದಲ್ಲಿ ಮಳೆ ಬಿದ್ದು ಉಳುಮೆ ಪ್ರಾರಂಭವಾಗಿದ್ದರೆ ಟಿಲ್ಲರಿಗೆ ಹೇಗೂ ಗಿರಾಕಿ ಹೆಚ್ಚು. ಒಂದೇ ತರದ ವಸ್ತುಗಳನ್ನು ಮಾರುವ ಗ್ರಾಮದ ರೈತರು ಒಂದೇ ವಾರದಲ್ಲಿ ಜಾಹೀರಾತು ಹಾಕಿ, ಯಾರದ್ದಕ್ಕೆ ಹಣ ಕೊಡಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿಕೊಂಡರೆ, ಅದು ಹೋಲಿಕೆಯೆನಿಸುವುದು. ಬದಲಾಯಿಸುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಚಿತ್ರವನ್ನೂ ಬೆಲೆಯನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವುದಕ್ಕೆ ಯಾರಿಂದಲೂ ಆಗದು.

ಎರಡು ಮೂರು ತಾಣಗಳಲ್ಲಿ ಜಾಹೀರಾತು ಹಾಕಿರುವವರು, ಫೋನು ಮಾಡಿದ ಪ್ರತಿಯೊಬ್ಬರನ್ನೂ "ಎಲ್ಲಿ ನೋಡಿದಿರಿ ಸ್ವಾಮಿ?" ಎಂದು ಮೊದಲೇ ಕೇಳಿ ಬರೆದುಕೊಳ್ಳಬೇಕು. ಇದು ಹೊಸ ಯುಕ್ತಿಯಲ್ಲ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ವ್ಯಾಪಾರಿಗಳು ಒಂದೊಂದು ಪತ್ರಿಕೆಯ ಜಾಹೀರಾತಿನ ಚೀಟಿಯಲ್ಲಿ ಬೇರೆ ಬೇರೆ ಗುರುತನ್ನು ಅಚ್ಚುಹಾಕಿಸಿ, ಯಾವ ಪತ್ರಿಕೆಯಿಂದ ಎಷ್ಟು ಗಿರಾಕಿಗಳೆಂದು ಎಣಿಸುತ್ತಿದ್ದರು. ಕ್ಲಾಡ್ ಹಾಪ್ಕಿನ್ಸ್ ಎಂಬುವರು ೧೯೨೩ರಲ್ಲಿ ಬರೆದ ಗ್ರಂಥದಲ್ಲಿ, ಜಾಹೀರಾತನ್ನು ಅದು ತಂದ ಮಾರಾಟದಿಂದಲೇ ಅಳೆಯಬೇಕೆಂದು ಪ್ರತಿಪಾದಿಸಿದ್ದಾರೆ.

ಸ್ವಲ್ಪ ಲೆಕ್ಕದಿಂದ ದೊಡ್ಡ ತೀರ್ಮಾನ ಸಲ್ಲದು

ಗ್ರಾಮದ ಮಟ್ಟದಲ್ಲಿ ಲೆಕ್ಕವಿಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣವಿದು. ಒಂದು ಜಾಹೀರಾತಿಗೆ ೫ ಫೋನು, ಇನ್ನೊಂದಕ್ಕೆ ೩ ಫೋನು ಬಂದರೆ ಮೊದಲನೆಯದೇ ಮೇಲೆಂದು ಹೇಳಿಬಿಡುವುದು ಮನುಷ್ಯಸ್ವಭಾವ. ಒಂದು ನಾಣ್ಯವನ್ನು ಎಂಟು ಸಲ ಚಿಮ್ಮಿ ನೋಡಿರಿ. ಬೀಳಬಹುದಾದ ೨೫೬ ಬಗೆಗಳಲ್ಲಿ ಸರಿಯಾಗಿ ನಾಲ್ಕು ತಲೆ, ನಾಲ್ಕು ಬೆನ್ನು ಬೀಳುವುವು ೭೦ ಮಾತ್ರ. ಮಿಕ್ಕವುಗಳಲ್ಲಿ, ಎಂದರೆ ನೂರಕ್ಕೆ ಸುಮಾರು ೭೩ ಸಲ, ೫ಕ್ಕೆ ೩ರ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವೇ ಬರುವುದು. ಎರಡು ಜಾಹೀರಾತುಗಳೂ ಸರಿಸಮವಾಗಿದ್ದರೂ ಅಷ್ಟು ವ್ಯತ್ಯಾಸ ಸಹಜವೆಂದಾಯಿತು. ಆದರೆ ೨೦ ಫೋನುಗಳಲ್ಲಿ ೧೫ ಒಂದಕ್ಕೂ ೫ ಇನ್ನೊಂದಕ್ಕೂ ಬಂದರೆ ಮಾತು ಬೇರೆ. ಸರಿಸಮವಾದ ಜಾಹೀರಾತುಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸವು ನೂರಕ್ಕೆ ಸುಮಾರು ನಾಲ್ಕು ಸಲ ಮಾತ್ರ ಉಂಟಾಗುವುದು.

ಒಬ್ಬ ರೈತನು ಟಿಲ್ಲರನ್ನು ಮಾರುವುದು ಹಲವು ವರ್ಷಗಳಿಗೊಮ್ಮೆ. ಅವನ ಒಂದು ಅನುಭವವು ಒಂದೇ ತಾಕಿನ ಪ್ರಯೋಗ. ಅದರಿಂದ ಏನನ್ನೂ ನಿಶ್ಚಯಿಸುವುದಕ್ಕಾಗದು. ಆದರೆ ಒಂದು ಗ್ರಾಮಪಂಚಾಯಿತಿಯ ಎಲ್ಲೆಯಲ್ಲಿ ಒಂದು ವರ್ಷಕ್ಕೆ ಮಾರಾಟವಾಗುವ ರಾಸು, ಯಂತ್ರ, ಹುಲ್ಲು ಇವುಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಕೂಡಿಸಿದರೆ, ಹತ್ತಾರು ತಾಕುಗಳ ಪ್ರಯೋಗವು ಖರ್ಚಿಲ್ಲದೆ ದೊರೆತಂತಾಗುವುದು. ಇದನ್ನು ಒಬ್ಬೊಬ್ಬರಾಗಿ ಮಾಡಲಾಗದು. ಮುಖಂಡರು ಮನಸ್ಸು ಮಾಡಿದರೆ ಮಾತ್ರ ಆಗುವುದು.

ಗ್ರಾಮದ ಪುಸ್ತಕ

ಈ ಪುಸ್ತಕಕ್ಕೆ ಅಂಕಣಗಳು ಹೆಚ್ಚಾಗಿ ಬೇಡ. ವಸ್ತು ಮತ್ತು ಅದರ ಸ್ಥಿತಿ, ಊರಿನಲ್ಲಿಯೋ ಸಂತೆಯಲ್ಲಿಯೋ ಮೊದಲು ಕೇಳಿದ ಬೆಲೆ, ಜಾಹೀರಾತು ಹಾಕಿದ ತಾರೀಖು ಮತ್ತು ತಾಣ, ಕೊಟ್ಟ ಹಣ, ನೋಡಿದವರು, ವಿಚಾರಿಸಿದವರು, ಬಂದವರು, ಮಾರಿದ ತಾರೀಖು, ಕೈಗೆ ಬಂದ ಬೆಲೆ, ಎಲ್ಲಾ ಖರ್ಚು, ನಿವ್ವಳ ಫಲ. ಮಾರಾಟವಾಗದೆ ಹಿಂತೆಗೆದುಕೊಂಡ ಜಾಹೀರಾತುಗಳನ್ನೂ ಅವಶ್ಯವಾಗಿ ಬರೆಯತಕ್ಕದ್ದು. ಫಲಿಸಿದ್ದನ್ನು ಮಾತ್ರ ಬರೆದರೆ ಮೊಳೆತ ಬೀಜವನ್ನು ಮಾತ್ರ ಎಣಿಸಿ ನೂರಕ್ಕೆ ನೂರು ಮೊಳಕೆಯೆಂದು ಹೇಳಿದಂತಾಗುವುದು. ಮಾರಿದವರ ಮತ್ತು ಕೊಂಡವರ ಹೆಸರು, ಫೋನಿನ ಸಂಖ್ಯೆ ಇವು ಪುಸ್ತಕದಲ್ಲಿ ಇರಬೇಕಾಗಿಲ್ಲ. ಶಾಲೆ ಕಲಿತ ಹುಡುಗನಾಗಲಿ ಹುಡುಗಿಯಾಗಲಿ ವಾರಕ್ಕೆ ಅರ್ಧ ಗಂಟೆ ಕುಳಿತರೆ ಈ ಕೆಲಸ ಸಾಗುವುದು.

ಈ ಪುಸ್ತಕದಿಂದ ಮತ್ತೊಂದು ಉಪಕಾರವುಂಟು. ಜಾಲತಾಣದಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆಯೇ ಹೊರತು ಮಾರಿದ ಬೆಲೆಯಲ್ಲ. ಅದನ್ನೇ ಧಾರಣೆಯೆಂದು ನಂಬಿ ಹಟ ಹಿಡಿದವರ ಹಸು ಹಾಲು ಬತ್ತುವ ತನಕ ಕೊಟ್ಟಿಗೆಯಲ್ಲಿಯೇ ಉಳಿಯುವುದುಂಟು. ಇತ್ತ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಮೊದಲಾದ ದನಗಳ ಜಾತ್ರೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರದ ಬೆಲೆಯು ಮೂರನೆಯವನಿಗೆ ತಿಳಿಯುವುದಿಲ್ಲ. ನಿಜವಾಗಿ ಕೈಸೇರಿದ ಬೆಲೆಗಳ ಪಟ್ಟಿಯು ಊರಿನಲ್ಲಿದ್ದರೆ, ಒಂದೇ ಜೊತೆ ಎತ್ತುಗಳನ್ನು ಮಾರಹೊರಟ ಸಣ್ಣ ಹಿಡುವಳಿದಾರನೂ ದಲ್ಲಾಳಿಯೊಡನೆ ಧೈರ್ಯವಾಗಿ ಮಾತನಾಡಬಲ್ಲನು. ದೊಡ್ಡ ಜಮೀನುದಾರರಿಗೆ ಒಂದು ಮಾರಾಟದಲ್ಲಿ ಐದು ಸಾವಿರ ಹೋದರೆ ಆ ವರ್ಷದ ಲೆಕ್ಕದಲ್ಲಿ ಅದು ಮರೆಯಾಗುತ್ತದೆ. ಸಣ್ಣವನಿಗೆ ಅದು ಮುಂದಿನ ಬಿತ್ತನೆಯ ಬೀಜ ಗೊಬ್ಬರಗಳ ಹಣ.

ಎಲ್ಲಾ ಸರಕಿಗೂ ಜಾಹೀರಾತು ತಕ್ಕದ್ದೆಂದು ನಾನು ಹೇಳುವುದಿಲ್ಲ. ಟೊಮೇಟೊ, ಸೊಪ್ಪು, ಹೂವು ಮೊದಲಾದ ಬೇಗ ಕೆಡುವ ಪದಾರ್ಥಗಳಿಗೆ ಗಿರಾಕಿಯ ಫೋನನ್ನು ಕಾಯುವ ಅವಕಾಶವಿಲ್ಲ. ಅವುಗಳಿಗೆ ಮಾರುಕಟ್ಟೆಯ ಹರಾಜೇ ಗತಿ. ಕೆಡದೆ ನಿಲ್ಲುವ, ಬಿಡಿಯಾಗಿ ಮಾರುವ, ಒಂದರಂತೆ ಇನ್ನೊಂದಿಲ್ಲದ, ಕಣ್ಣಿನಿಂದ ನೋಡಿ ಬೆಲೆ ಕಟ್ಟಬೇಕಾದ ವಸ್ತುಗಳಿಗೆ ಇದು ಹೊಂದುವುದೆಂದು ನನ್ನ ಅಭಿಪ್ರಾಯ. ಯಾವ ವಸ್ತುವಿಗೆ ಎಷ್ಟರ ಮಟ್ಟಿಗೆ ಎಂಬುದನ್ನು ಹೇಳತಕ್ಕದ್ದು ನನ್ನ ಅಭಿಪ್ರಾಯವಲ್ಲ, ತಮ್ಮ ಗ್ರಾಮದ ಪುಸ್ತಕ.

ಊರಿನ ಹಿರಿಯರು ಒಮ್ಮೆ ಒಳ್ಳೆಯದೆಂದರೆ ನಾಲ್ಕು ಮನೆಯವರು ಹಣ ಸುರಿಯುತ್ತಾರೆ. ಕೆಟ್ಟದೆಂದರೆ ನಾಲ್ಕು ಮನೆಯವರು ದೊರೆಯಬಹುದಾಗಿದ್ದ ಲಾಭವನ್ನು ಬಿಡುತ್ತಾರೆ. ಅಂಥ ಮಾತನ್ನು ಲೆಕ್ಕವಿಲ್ಲದೆ ಆಡುವುದು ತಮ್ಮಂಥವರಿಗೆ ಉಚಿತವಲ್ಲ. ಈ ಸುಗ್ಗಿ ಮುಗಿದು ರಾಸುಗಳ ಮಾರಾಟವು ಆರಂಭವಾಗುವುದಕ್ಕೆ ಮುಂಚೆಯೇ ಪ್ರತಿ ಗ್ರಾಮದಲ್ಲಿಯೂ ಇಂಥ ಒಂದು ಪುಸ್ತಕವನ್ನು ತೆರೆಯಿಸಿ, ವರ್ಷದ ಕೊನೆಯಲ್ಲಿ ಅದರ ಒಟ್ಟು ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಬೇಕೆಂದು ಪ್ರಾರ್ಥಿಸುತ್ತೇನೆ.